ಖಾತೆ ಬದಲಾದರೆ ಋಣ ತೀರದು

ಕಾಗದವನ್ನು ಬಿಟ್ಟು ಗಣಕಯಂತ್ರಕ್ಕೆ ಹೊರಳಿದ ಉದ್ಯಮವು ತಾನಾಗಿಯೇ ಪರಿಸರಸ್ನೇಹಿಯಾಯಿತೆಂಬ ಮಾತು ಇಂದು ಅನೇಕ ಕಂಪನಿಗಳ ವಾರ್ಷಿಕ ವರದಿಗಳಲ್ಲಿ ಮಂತ್ರದಂತೆ ಪುನರುಚ್ಚರಿಸಲ್ಪಡುತ್ತಿದೆ. ಜಮಾ-ಖರ್ಚಿನ ಮರ್ಮ ಬಲ್ಲವರು ಇದನ್ನು ಪರೀಕ್ಷಿಸದೆ ಒಪ್ಪಲಾಗದು.

ಸೆಬಿಯು 2021ರಲ್ಲಿ ರೂಪಿಸಿದ ಬಿ.ಆರ್.ಎಸ್.ಆರ್. ಎಂಬ ಹೊಣೆಗಾರಿಕೆಯ ವರದಿಯು ಮಾರುಕಟ್ಟೆ ಮೌಲ್ಯದಲ್ಲಿ ಮುಂದಿರುವ 1000 ಷೇರುಪೇಟೆ ಕಂಪನಿಗಳಿಗೆ 2022-23ರಿಂದ ಕಡ್ಡಾಯವಾಗಿದೆ. ವಿದ್ಯುತ್ತು, ನೀರು, ತ್ಯಾಜ್ಯಗಳ ಅಂಕಿಗಳು ಸಾರ್ವಜನಿಕರ ಕಣ್ಣಿಗೆ ಬೀಳುವಂತಾದುದು ಡಿಜಿಟಲ್ ವ್ಯವಸ್ಥೆಯ ಉಪಕಾರವೇ ಸರಿ. ಆದರೆ ಲೆಕ್ಕವನ್ನು ಮರೆಮಾಡುವ ದಾರಿಯನ್ನೂ ಅದೇ ವ್ಯವಸ್ಥೆ ತೆರೆದಿದೆ. ಕಂಪನಿಯೊಂದು ತನ್ನ ಗಣಕಗಳನ್ನು ಮುಚ್ಚಿ ಕ್ಲೌಡ್ ಸೇವೆಯನ್ನು ಬಾಡಿಗೆಗೆ ಪಡೆದೊಡನೆ, ಆ ಗಣಕಗಳು ನುಂಗುತ್ತಿದ್ದ ವಿದ್ಯುತ್ತು ಅದರ ಬಿಲ್ಲಿನಿಂದ ಮಾಯವಾಗುತ್ತದೆ. ಆ ವಿದ್ಯುತ್ತಿನ ಮಾಲಿನ್ಯವು 'ಸ್ಕೋಪ್ 3' ಎಂಬ ಪರೋಕ್ಷ ವರ್ಗಕ್ಕೆ ಜಾರುತ್ತದೆ. ಆ ವರ್ಗದ ವಿವರವೋ, ಈ ವರದಿಯ ನಮೂನೆಯಲ್ಲಿ ಐಚ್ಛಿಕ!

ದೊಡ್ಡ ಡೇಟಾ ಕೇಂದ್ರಗಳು ಅದೇ ಕೆಲಸವನ್ನು ಕಡಿಮೆ ವಿದ್ಯುತ್ತಿನಲ್ಲಿ ಮಾಡಬಲ್ಲವೆಂಬ ಸಮರ್ಥನೆ ಸುಳ್ಳಲ್ಲ. ಆದರೆ ಮಿತವ್ಯಯಕ್ಕಿಂತ ಬಳಕೆಯೇ ವೇಗವಾಗಿ ಬೆಳೆದರೆ ಫಲವೇನು? ತನ್ನ ಹಸಿರುಮನೆ ಅನಿಲಗಳ ಹೊರಸೂಸುವಿಕೆ 2019ಕ್ಕಿಂತ 2023ರಲ್ಲಿ ಶೇ. 48ರಷ್ಟು ಹೆಚ್ಚಿತೆಂದು ಗೂಗಲ್ ಸಂಸ್ಥೆಯೇ 2024ರ ವರದಿಯಲ್ಲಿ ತಿಳಿಸಿತು. ಡೇಟಾ ಕೇಂದ್ರಗಳ ವಿದ್ಯುತ್ತು ಅದಕ್ಕೆ ಮುಖ್ಯ ಕಾರಣಗಳಲ್ಲೊಂದು.

ಮನುಷ್ಯರ ವಿಷಯದಲ್ಲಿಯೂ ಇದೇ ಕೈಚಳಕ. ಮನೆಬಾಗಿಲಿಗೆ ಸರಕು ತಲುಪಿಸುವ ಯುವಕನನ್ನು ಆ್ಯಪ್ ಕಂಪನಿಗಳು ನೌಕರನೆನ್ನದೆ 'ಪಾಲುದಾರ' ಎನ್ನುತ್ತವೆ. ಲಾಭದಲ್ಲಿ ಪಾಲಿಲ್ಲದ ಇಂಥ ಪಾಲುದಾರಿಕೆಯನ್ನು ಯಾವ ವರ್ತಕನೂ ಕೇಳಿರಲಾರ. ಇಂಥ ಕಾರ್ಮಿಕರ ಕಲ್ಯಾಣ ನಿಧಿಗೆ ಕಂಪನಿಗಳಿಂದ ಶುಲ್ಕ ಪಡೆಯಲು ಕರ್ನಾಟಕವು 2025ರಲ್ಲಿ ಕಾನೂನನ್ನೇ ತರಬೇಕಾಯಿತು.

2013ರ ಕಂಪನಿ ಕಾಯ್ದೆಯ 135ನೇ ಕಲಮಿನಂತೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ನ್ನು ಸಮಾಜಕಾರ್ಯಕ್ಕೆ ವಿನಿಯೋಗಿಸುತ್ತವೆ. ಅದು ಸ್ತುತ್ಯವೇ. ಆದರೆ ಅದು ಲಾಭ ಬಂದ ಮೇಲಿನ ವಿನಿಯೋಗ; ಹೊಣೆಗಾರಿಕೆಯ ಪ್ರಶ್ನೆ ಇರುವುದು ಲಾಭ ಬಂದ ಬಗೆಯಲ್ಲಿ.

ಆದುದರಿಂದ ಷೇರು ಹೊಂದಿದ ಕುಟುಂಬಗಳೂ, ಶಾಲೆ-ಆಸ್ಪತ್ರೆಗಳಿಗಾಗಿ ಕಂಪನಿಗಳ ನೆರವು ಪಡೆಯುವ ಟ್ರಸ್ಟುಗಳೂ ಮೂರು ಪ್ರಶ್ನೆಗಳನ್ನು ಕೇಳಲೇಬೇಕು: ಬಾಡಿಗೆ ಗಣಕಗಳ ವಿದ್ಯುತ್ತು ಎಷ್ಟು? ಹಳೆಯ ಯಂತ್ರಗಳು ಯಾರ ಕೈ ಸೇರಿದವು? 'ಪಾಲುದಾರ' ಗಾಯಗೊಂಡರೆ ಹೊಣೆ ಯಾರದು? ಸಾಲವನ್ನು ನೆರೆಯವನ ಖಾತೆಗೆ ಬರೆದು ತಾನು ಋಣಮುಕ್ತನೆಂದು ಸಾರುವವನನ್ನು ಪೇಟೆಯಲ್ಲಿ ಸಾಹುಕಾರನೆಂದು ಯಾರೂ ಕರೆಯುವುದಿಲ್ಲ. ಕಂಪನಿಗೆ ಮಾತ್ರ ಬೇರೆ ನ್ಯಾಯವಿರಲಾಗದು.