ಹಳದಿ ಜೆರ್ಸಿ ನೋಡಿ ಬೆಟ್ ಕಟ್ಟಬೇಡಿ
2026ರ ಟೂರ್ ಡಿ ಫ್ರಾನ್ಸ್ ಜುಲೈ 4ಕ್ಕೆ ಬಾರ್ಸಿಲೋನಾದಲ್ಲಿ ಶುರು. ಆಫೀಸಿನಲ್ಲಿ ಬೆಟ್ಟಿಂಗ್ ಆಗಲೇ ಶುರುವಾಗಿದೆ. ದುಡ್ಡಿಲ್ಲ, ಬರೀ ಮಸಾಲೆ ದೋಸೆ. (ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನು 2025ರಲ್ಲೇ ಕೇಂದ್ರ ಸರ್ಕಾರ ನಿಷೇಧಿಸಿದೆ. ಒಳ್ಳೇದೇ ಆಯ್ತು ಬಿಡಿ.)

ಎಲ್ಲರ ಬಾಯಲ್ಲೂ ಪೊಗಾಚಾರ್. ನಾಲ್ಕು ಸಲ ಗೆದ್ದವನು, ತಪ್ಪೇನಿಲ್ಲ. ನಾನು ಮಾತ್ರ ರೂಟ್ ಮ್ಯಾಪನ್ನು ಕೊನೆಯಿಂದ ಓದ್ತೀನಿ. ಒಟ್ಟು ಸಮಯ ಕಡಿಮೆ ಇದ್ದವನಿಗೆ ಹಳದಿ ಜೆರ್ಸಿ ಸಿಗುತ್ತೆ, ನಿಜ. ಆದ್ರೆ ಅದು ಕೊನೇವರೆಗೂ ಅವನ ಮೈಮೇಲೇ ಇರುತ್ತೆ ಅನ್ನೋಕಾಗಲ್ಲ.

2020ರಲ್ಲಿ 21 ಹಂತಗಳ ಪೈಕಿ 19 ಮುಗಿದಾಗ ರೋಗ್ಲಿಚ್ 57 ಸೆಕೆಂಡ್ ಮುಂದಿದ್ದ. 20ನೇದು ಟೈಮ್ ಟ್ರಯಲ್: 36 ಕಿ.ಮೀ., ಒಬ್ಬೊಬ್ಬರೇ ಓಡಿಸಬೇಕು, ಕೊನೆಗೆ ಬೆಟ್ಟ. ಅಷ್ಟು ದಿನ ಗಾಳಿಗೆ ಅಡ್ಡ ನಿಂತಿದ್ದ ಟೀಮ್ ಅವತ್ತು ಜೊತೆಗಿಲ್ಲ. 21 ವರ್ಷದ ಪೊಗಾಚಾರ್ ಅದೊಂದೇ ದಿನ ಅವನಿಂದ 1 ನಿಮಿಷ 56 ಸೆಕೆಂಡ್ ಕಿತ್ತುಕೊಂಡ!

ಈ ಸಲ 19, 20ನೇ ಹಂತಗಳೆರಡೂ ಮುಗಿಯೋದು ಆಲ್ಪ್ ಡುಯೆಜ್ ಮೇಲೆ. 20ರಲ್ಲಿ ಅದಕ್ಕೂ ಮುಂಚೆ 2,642 ಮೀಟರ್ ಎತ್ತರದ ಗಾಲಿಬಿಯೆ ಹತ್ತಬೇಕು. 2022ರಲ್ಲಿ ಗಾಲಿಬಿಯೆ ದಾಟಿದ ದಿನವೇ, ಗ್ರಾನೋನ್ ಏರುವಾಗ ಇದೇ ಪೊಗಾಚಾರ್ ಸುಸ್ತಾಗಿ ವಿಂಗೆಗಾರ್ಡ್‌ಗೆ ಸುಮಾರು ಮೂರು ನಿಮಿಷ ಬಿಟ್ಟುಕೊಟ್ಟಿದ್ದ.

ನನ್ನ ದೋಸೆ ವಿಂಗೆಗಾರ್ಡ್ ಮೇಲೆ. ನಿಮ್ಮದು?