ನರ್ಸಮ್ಮನೂ 'ಡಾಕ್ಟರ್' ಆಗಬಹುದು



ಹೆಸರಿನ ಮುಂದೆ 'ಡಾ.' ಇದ್ದವರೆಲ್ಲ ಔಷಧಿ ಬರೆದುಕೊಡುವವರೇ ಎಂದುಕೊಳ್ಳಬೇಡಿ. ಆಸ್ಪತ್ರೆಯ ನರ್ಸಮ್ಮನೂ ಎಂ.ಎಸ್‌ಸಿ. ಮುಗಿಸಿ, ಸಂಶೋಧನೆ ಮಾಡಿ ಪಿಎಚ್.ಡಿ. ಪಡೆಯಬಹುದು. ಇದಕ್ಕೆಂದೇ ಭಾರತೀಯ ನರ್ಸಿಂಗ್ ಪರಿಷತ್ತು 2005-06ರಲ್ಲಿ ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಜೊತೆ ಸೇರಿ ರಾಷ್ಟ್ರೀಯ ಒಕ್ಕೂಟವೊಂದನ್ನು ಕಟ್ಟಿತು.

ಕೆಲಸದಲ್ಲಿರೋಳಿಗೆ ಇನ್ನೇಕಮ್ಮ ಓದು ಅಂತೀರಾ? ಹಾಸಿಗೆ ಹಿಡಿದವರ ಬೆನ್ನಿನಲ್ಲಿ ಹುಣ್ಣಾಗದಂತೆ ಎಷ್ಟು ಹೊತ್ತಿಗೊಮ್ಮೆ ಮಗ್ಗುಲು ಬದಲಿಸಬೇಕು? ಇಂಥ ಪ್ರಶ್ನೆ ಹುಟ್ಟೋದು ರೋಗಿಯ ಪಕ್ಕದಲ್ಲಿ ನಿಂತವಳಿಗೇ. ಆದರೆ ಕೈಗುಣ ನಂಬಿದರೆ ಸಾಲದು. ರೋಗಿಗಳ ಒಪ್ಪಿಗೆ ಪಡೆದು, ಲೆಕ್ಕ ಬರೆದಿಟ್ಟು, ಹೋಲಿಸಿ ನೋಡಬೇಕು. ಅದನ್ನು ಕಲಿಸುವುದೇ ಈ ಓದು.

2022ರ ಯು.ಜಿ.ಸಿ. ನಿಯಮದಂತೆ ಕೆಲಸ ಬಿಡದೆಯೂ ಓದಬಹುದು. ಕೆಲಸ ಕೊಟ್ಟವರ ಒಪ್ಪಿಗೆ ಪತ್ರ ಬೇಕು. ಕನಿಷ್ಠ 3 ವರ್ಷ ಹಿಡಿಯುತ್ತದೆ. ಗರಿಷ್ಠ ಅವಧಿಯ ಮೇಲೆ ಹೆಂಗಸರಿಗೆ ಇನ್ನೂ 2 ವರ್ಷದ ರಿಯಾಯಿತಿ ಉಂಟು. ಹೆರಿಗೆಗೂ ಮಕ್ಕಳ ಆರೈಕೆಗೂ 240 ದಿನಗಳವರೆಗೆ ರಜೆ ಉಂಟು.

ನಿಯಮ ರಜೆ ಕೊಟ್ಟರೂ ಮನೆಯ ಒಲೆ ರಜೆ ಕೊಡದಿದ್ದರೆ ಏನು ಬಂತು? ಸೊಸೆಯೋ ಮಗಳೋ ಹೀಗೆ ಓದಲು ಹೊರಟರೆ ಸಂಜೆಯ ಅಡಿಗೆ ನೀವು ನೋಡಿಕೊಳ್ಳಿ. ಗಂಡಸರ ಕೈಗೂ ಒಂದು ಸೌಟು ಕೊಡಿ.