ತಂತ್ರಾಂಶ ಸಂತೆಯ ಸುಂಕ ಕಟ್ಟಬೇಕೆ?

ಎಂಜಿನಿಯರಿಂಗ್ ಓದುವ ಮಗನೋ ಮಗಳೋ ಇರುವ ಮನೆಗಳಲ್ಲಿ ಈಚಿನ ವರ್ಷಗಳಲ್ಲಿ ಹೊಸದೊಂದು ಖರ್ಚಿನ ಪ್ರಸ್ತಾಪ ಕೇಳಿಬರುತ್ತಿದೆ. ಕಾಲೇಜಿನ ಶುಲ್ಕ, ಹಾಸ್ಟೆಲಿನ ಬಾಡಿಗೆ, ಲ್ಯಾಪ್‌ಟಾಪಿನ ಕಂತು ಎಲ್ಲವನ್ನೂ ಹೇಗೋ ಹೊಂದಿಸಿದ ತಂದೆತಾಯಿಯರ ಮುಂದೆ ‘ಆ್ಯಪಲ್ ಡೆವಲಪರ್ ಪ್ರೋಗ್ರಾಮ್ ಸೇರಬೇಕು, ವರ್ಷಕ್ಕೆ 99 ಡಾಲರ್’ ಎಂಬ ಬೇಡಿಕೆ ಬಂದು ನಿಲ್ಲುತ್ತದೆ. ನಮ್ಮ ರೂಪಾಯಿಯಲ್ಲಿ ಅದು ಎಂಟು ಸಾವಿರಕ್ಕೂ ಮೀರಿದ ಮೊತ್ತ. ಉದ್ಯೋಗ ಬಿಟ್ಟು ಸ್ವಂತವಾಗಿ ಏನಾದರೂ ಮಾಡಬೇಕೆಂದು ಹೊರಟ ತಂತ್ರಜ್ಞರೂ, ಕನ್ನಡದ ನಿಘಂಟನ್ನೋ ಪಂಚಾಂಗವನ್ನೋ ಮೊಬೈಲಿಗೆ ಇಳಿಸಬೇಕೆಂಬ ಹಂಬಲದ ಹವ್ಯಾಸಿಗಳೂ ಇದೇ ಪ್ರಶ್ನೆಯ ಮುಂದೆ ನಿಲ್ಲುತ್ತಾರೆ. ಈ ಚಂದಾ ಕಟ್ಟುವುದರಿಂದ ನಿಜವಾಗಿ ಏನು ದೊರೆಯುತ್ತದೆ?

ಉತ್ತರವನ್ನು ಮೊದಲೇ ಹೇಳಿಬಿಡುವುದು ಲೇಸು. ಕಲಿಯುವುದಕ್ಕಾಗಿ ಇದನ್ನು ಕಟ್ಟಬೇಕಾಗಿಲ್ಲ. ಮಾರುವುದಕ್ಕಾದರೆ ಕಟ್ಟದೆ ಗತ್ಯಂತರವಿಲ್ಲ. ಇವೆರಡರ ನಡುವಿನ ವ್ಯತ್ಯಾಸ ತಿಳಿಯದೆ ಹಣ ತೆರುವವರೇ ನಮ್ಮಲ್ಲಿ ಹೆಚ್ಚು.

ತಂತ್ರಾಂಶ ತಯಾರಿಸುವವರಿಂದ ಸದಸ್ಯತ್ವದ ಹಣ ಪಡೆಯುವ ಪದ್ಧತಿ ಹೊಸದೇನೂ ಅಲ್ಲ. ಮೈಕ್ರೊಸಾಫ್ಟ್ ಸಂಸ್ಥೆ 1990ರ ದಶಕದ ಆರಂಭದಲ್ಲೇ ಎಂಎಸ್‌ಡಿಎನ್ ಎಂಬ ಹೆಸರಿನಲ್ಲಿ ಸಿ.ಡಿ.ಗಳ ಮೂಲಕ ಕೈಪಿಡಿಗಳನ್ನೂ ಮಾದರಿ ಸಂಕೇತಗಳನ್ನೂ ಚಂದಾದಾರರಿಗೆ ಕಳುಹಿಸತೊಡಗಿತ್ತು. ಆ್ಯಪಲ್ ಕೂಡ ಮ್ಯಾಕಿಂಟಾಷ್ ಗಣಕಗಳಿಗೆ ತಂತ್ರಾಂಶ ಬರೆಯುವವರಿಂದ ವರ್ಷಕ್ಕೆ 499 ಡಾಲರ್, ಮೇಲ್ದರ್ಜೆಯ ಸದಸ್ಯತ್ವಕ್ಕೆ 3,499 ಡಾಲರ್ ವಸೂಲು ಮಾಡುತ್ತಿತ್ತು. 2010ರಲ್ಲಿ ಅವೆರಡನ್ನೂ ಕೈಬಿಟ್ಟು 99 ಡಾಲರಿಗೆ ಇಳಿಸಿತು. ಐಫೋನಿನ ಡೆವಲಪರ್ ಯೋಜನೆ 2008ರ ಮಾರ್ಚ್‌ನಲ್ಲಿ ಪ್ರಕಟವಾದಾಗಲೇ ಅದರ ಶುಲ್ಕ 99 ಡಾಲರ್ ಇತ್ತು. 2015ರಲ್ಲಿ ಎಲ್ಲ ಯೋಜನೆಗಳೂ ಒಂದಾದವು. ಮೇಲುನೋಟಕ್ಕೆ ಇದು ಅಗ್ಗವಾದ ಕಥೆಯೇ. ಆದರೆ ಹಳೆಯ ಶುಲ್ಕಕ್ಕೂ ಹೊಸ ಶುಲ್ಕಕ್ಕೂ ಮೂಲಭೂತವಾದ ಭೇದವೊಂದಿದೆ. ಅಂದು ಹಣ ಕೊಡದವನೂ ತಂತ್ರಾಂಶ ಬರೆದು, ಫ್ಲಾಪಿಯಲ್ಲೋ ಸಿ.ಡಿ.ಯಲ್ಲೋ ಹಾಕಿ, ಬೇಕಾದವರಿಗೆ ಹಂಚಬಹುದಿತ್ತು. ಕನ್ನಡದ ‘ಬರಹ’, ‘ನುಡಿ’ ತಂತ್ರಾಂಶಗಳು ಊರೂರಿನ ಡಿಟಿಪಿ ಅಂಗಡಿಗಳನ್ನು ತಲುಪಿದ್ದು ಹಾಗೆಯೇ. ಯಾವ ಕಂಪನಿಯ ಅಪ್ಪಣೆಯೂ ಅವಕ್ಕೆ ಬೇಕಾಗಿರಲಿಲ್ಲ. ಅಂದಿನ ಚಂದಾ ಜ್ಞಾನಕ್ಕೆ ಕೊಟ್ಟ ಬೆಲೆಯಾಗಿತ್ತು. ಇಂದಿನದು ಹೆಬ್ಬಾಗಿಲಿನ ಸುಂಕ.

ಇಂದು ಜ್ಞಾನವಂತೂ ಬಹುಪಾಲು ಉಚಿತವಾಗಿಯೇ ದೊರೆಯುತ್ತದೆ. ಐಫೋನಿಗೆ ತಂತ್ರಾಂಶ ಬರೆಯಲು ಬೇಕಾದ ಎಕ್ಸ್‌ಕೋಡ್ ಎಂಬ ಸಲಕರಣೆಗೆ ಬೆಲೆಯಿಲ್ಲ. ಸ್ವಿಫ್ಟ್ ಭಾಷೆ ಮುಕ್ತ. ಆ್ಯಪಲ್ ಪ್ರತಿ ವರ್ಷ ಜೂನ್‌ನಲ್ಲಿ ನಡೆಸುವ ಸಮಾವೇಶದ ಉಪನ್ಯಾಸಗಳನ್ನು ಯಾರು ಬೇಕಾದರೂ ನೋಡಬಹುದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಐಫೋನ್ ಪಾಠಗಳು ಯೂಟ್ಯೂಬಿನಲ್ಲಿ ಇವೆ. ಗಣಕದ ಪರದೆಯ ಮೇಲೆಯೇ ಐಫೋನಿನ ಅಣಕು ರೂಪವೊಂದು ತೆರೆದುಕೊಳ್ಳುವುದರಿಂದ ಫೋನ್ ಇಲ್ಲದಿದ್ದರೂ ಪರೀಕ್ಷೆ ಮಾಡಬಹುದು. ಫೋನ್ ಇದ್ದರೆ, 2015ರಿಂದ ಈಚೆಗೆ ಚಂದಾ ಇಲ್ಲದವರೂ ತಾವು ಬರೆದ ಆ್ಯಪ್ ಅನ್ನು ತಮ್ಮದೇ ಫೋನಿಗೆ ಹಾಕಿಕೊಳ್ಳಬಹುದು. ಆದರೆ ಏಳು ದಿನಗಳಾದ ಮೇಲೆ ಅದು ತೆರೆದುಕೊಳ್ಳುವುದಿಲ್ಲ, ಮತ್ತೆ ಹಾಕಬೇಕು. ಸೂಚನೆ ಕಳುಹಿಸುವ ಪುಷ್ ಸೌಲಭ್ಯ, ಐಕ್ಲೌಡ್ ಮುಂತಾದವನ್ನೂ ಬಳಸುವಂತಿಲ್ಲ. ವಿದ್ಯಾರ್ಥಿಯ ಅಭ್ಯಾಸಕ್ಕೆ ಇವು ದೊಡ್ಡ ಅಡ್ಡಿಗಳಲ್ಲ; ಅಂತಿಮ ವರ್ಷದ ಪ್ರಾಜೆಕ್ಟಿನ ಪ್ರದರ್ಶನಕ್ಕೆ ಏಳು ದಿನಗಳು ಧಾರಾಳವಾಗಿ ಸಾಕು.

ಸದಸ್ಯತ್ವವನ್ನು ಪ್ರಮಾಣಪತ್ರವೆಂದು ಭ್ರಮಿಸುವವರಿಗೂ ಒಂದು ಮಾತು. ಹಣ ಕಟ್ಟಿದ ವಯಸ್ಕರಾರನ್ನಾದರೂ ಸೇರಿಸಿಕೊಳ್ಳುವ ಯೋಜನೆಯಿದು. ಪರೀಕ್ಷೆಯಿಲ್ಲ, ಅಂಕಪಟ್ಟಿಯಿಲ್ಲ. ಸ್ವವಿವರದಲ್ಲಿ ಇದನ್ನು ನಮೂದಿಸಿದರೆ ಉದ್ಯೋಗ ಕೊಡುವವರ ಮೇಲೆ ಯಾವ ಪರಿಣಾಮವೂ ಆಗದು. ಅಂಗಡಿಯಲ್ಲಿ ಜನ ಬಳಸುತ್ತಿರುವ ಒಂದು ಆ್ಯಪ್ ತೋರಿಸಿದರೆ ಆಗುತ್ತದೆ. ವಿದ್ಯಾರ್ಥಿಗಳಿಗಾಗಿ ಆ್ಯಪಲ್ ನಡೆಸುವ ಸ್ವಿಫ್ಟ್ ಸ್ಟೂಡೆಂಟ್ ಚಾಲೆಂಜ್ ಸ್ಪರ್ಧೆಯಲ್ಲಿ ಗೆದ್ದವರಿಗೆ ಒಂದು ವರ್ಷದ ಸದಸ್ಯತ್ವ ಬಹುಮಾನದ ಭಾಗವಾಗಿಯೇ ಬರುತ್ತದೆ. ಎಂಟು ಸಾವಿರ ಕೇಳುವ ಮಕ್ಕಳಿಗೆ ಮೊದಲು ಆ ದಾರಿಯನ್ನು ತೋರಿಸುವುದು ಉತ್ತಮ.

ಹಾಗಾದರೆ ಹಣ ಕೊಟ್ಟವರಿಗೆ ಸಿಗುವುದೇನು? ಮುಖ್ಯವಾಗಿ ಆ್ಯಪ್ ಸ್ಟೋರಿನಲ್ಲಿ ಅಂಗಡಿ ಇಡುವ ಹಕ್ಕು. ಜೊತೆಗೆ ಟೆಸ್ಟ್‌ಫ್ಲೈಟ್ ಮೂಲಕ ಹತ್ತು ಸಾವಿರದವರೆಗೆ ಹೊರಗಿನ ಬಳಕೆದಾರರಿಗೆ ಪ್ರಯೋಗಾರ್ಥ ಪ್ರತಿ ಹಂಚುವ ಅನುಕೂಲ. ಇದು ನಿಜಕ್ಕೂ ಬೆಲೆಬಾಳುವಂಥದ್ದು. ಹಣದ ವಸೂಲಿ, ಬೇರೆ ಬೇರೆ ದೇಶಗಳ ತೆರಿಗೆಯ ಲೆಕ್ಕ, ಜಗತ್ತಿನಾದ್ಯಂತ ವಿತರಣೆ ಇವನ್ನೆಲ್ಲ ಕಂಪನಿಯೇ ನೋಡಿಕೊಳ್ಳುತ್ತದೆ. ಧಾರವಾಡದಲ್ಲಿ ಕುಳಿತ ಒಬ್ಬ ವ್ಯಕ್ತಿ ಕ್ಯಾಲಿಫೋರ್ನಿಯದ ಕನ್ನಡಿಗರಿಗೆ ಸರಕು ಮಾರಲು ಇಪ್ಪತ್ತು ವರ್ಷಗಳ ಹಿಂದೆ ಎಷ್ಟು ಪಡಿಪಾಟಲು ಪಡಬೇಕಿತ್ತೆಂಬುದನ್ನು ನೆನೆದರೆ ಇದನ್ನು ಲಘುವಾಗಿ ಕಾಣುವಂತಿಲ್ಲ.

ಇನ್ನು ಲೆಕ್ಕಾಚಾರ. ಶುಲ್ಕವನ್ನು 8,700 ರೂಪಾಯಿ ಎಂದೇ ಇಟ್ಟುಕೊಳ್ಳೋಣ. ನಮ್ಮ ದೇಶದಲ್ಲಿ 99 ರೂಪಾಯಿಗೆ ಒಂದು ಆ್ಯಪ್ ಮಾರಿದರೆ, ಅದರಲ್ಲಿ ಅಡಗಿರುವ ಶೇ 18ರ ಜಿಎಸ್‌ಟಿ ಕಳೆದು ಉಳಿಯುವುದು ಸುಮಾರು 84 ರೂಪಾಯಿ. ಅದರ ಮೇಲೆ ಶೇ 15ರ ದಲ್ಲಾಳಿ ಕಳೆದರೆ ತಯಾರಕನ ಕೈಗೆ 71 ರೂಪಾಯಿ ಬರುತ್ತದೆ. ಅಂದರೆ ವರ್ಷಕ್ಕೆ 122 ಮಂದಿ ಕೊಂಡ ಮೇಲೆ ಬಾಗಿಲಿನ ಸುಂಕ ಹುಟ್ಟಿತು. ಅಲ್ಲಿಂದಾಚೆಗೆ ಲಾಭದ ಮಾತು. ಶೇ 15ರ ಈ ರಿಯಾಯಿತಿ ದರ ವಾರ್ಷಿಕ ಆದಾಯ ಹತ್ತು ಲಕ್ಷ ಡಾಲರ್ ಮೀರದ ಸಣ್ಣವರಿಗಾಗಿ 2021ರ ಜನವರಿಯಿಂದ ಜಾರಿಗೆ ಬಂದದ್ದು. ಆದರೆ ಅದು ತಾನಾಗಿಯೇ ಸಿಗುವುದಿಲ್ಲ, ಅರ್ಜಿ ಹಾಕಿಕೊಳ್ಳಬೇಕು. ಹಾಕದವರ ಆದಾಯದಲ್ಲಿ ಶೇ 30 ಕಡಿತವಾಗುತ್ತದೆ, ಆಗ 122ರ ಬದಲು 148 ಗಿರಾಕಿಗಳು ಬೇಕು. ಒಂದು ಅರ್ಜಿಯ ಆಲಸ್ಯಕ್ಕೆ ಇಷ್ಟು ದಂಡ.

ನೂರಿಪ್ಪತ್ತೆರಡು ಗಿರಾಕಿಗಳೆಂದರೆ ದೊಡ್ಡ ಸಂಖ್ಯೆಯಲ್ಲವೆಂದು ತೋರಬಹುದು. ಆದರೆ ಭಾರತದಲ್ಲಿ ಬಹುಪಾಲು ಜನರ ಕೈಯಲ್ಲಿರುವುದು ಆಂಡ್ರಾಯ್ಡ್ ಫೋನು. ಆ್ಯಪಿಗೆ ಹಣ ಕೊಡುವ ರೂಢಿಯೂ ನಮ್ಮಲ್ಲಿ ಕಡಿಮೆ. ಐಫೋನ್ ಇರುವ, ಕನ್ನಡ ಓದುವ, ಹಣ ಕೊಟ್ಟು ಕೊಳ್ಳುವ ಮೂರೂ ಗುಣಗಳು ಒಂದೆಡೆ ಸೇರಿದ ಗಿರಾಕಿಯನ್ನು ಹುಡುಕಿ ತರುವುದು ಸುಲಭದ ಕೆಲಸವಲ್ಲ. ಅಲ್ಲದೆ 99 ಡಾಲರ್ ಎಂಬುದು ಒಟ್ಟು ಖರ್ಚಿನ ಚಿಕ್ಕ ಪಾಲು ಮಾತ್ರ. ಎಕ್ಸ್‌ಕೋಡ್ ಓಡುವುದು ಮ್ಯಾಕ್ ಗಣಕದಲ್ಲಷ್ಟೇ. ಅವುಗಳಲ್ಲಿ ಅಗ್ಗದ್ದೆನ್ನಿಸಿದ ಮ್ಯಾಕ್ ಮಿನಿಯೂ 2024ರ ನವೆಂಬರ್‌ನಲ್ಲಿ ಹೊಸ ರೂಪದಲ್ಲಿ ಮಾರುಕಟ್ಟೆಗೆ ಬಂದಾಗ 59,900 ರೂಪಾಯಿ ಇತ್ತು, ಅದೂ ಪರದೆ, ಕೀಲಿಮಣೆ ಇಲ್ಲದೆ.

ಸಣ್ಣ ಉದ್ಯಮಿಗಳು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಸಂಸ್ಥೆಯ ಹೆಸರಿನಲ್ಲಿ ಸೇರಬೇಕಾದರೆ ಅದು ಕಾನೂನಿನ ಪ್ರಕಾರ ಪ್ರತ್ಯೇಕ ಅಸ್ತಿತ್ವವುಳ್ಳ ಸಂಸ್ಥೆಯಾಗಿರಬೇಕು, ಡನ್ ಅಂಡ್ ಬ್ರಾಡ್‌ಸ್ಟ್ರೀಟ್ ನೀಡುವ ಒಂಬತ್ತು ಅಂಕಿಯ ಡಿ-ಯು-ಎನ್-ಎಸ್ ಸಂಖ್ಯೆ ಇರಬೇಕು. ನಮ್ಮಲ್ಲಿ ಹೆಚ್ಚಿನವರು ನಡೆಸುವುದು ಏಕವ್ಯಕ್ತಿ ಮಾಲೀಕತ್ವದ ವ್ಯವಹಾರ. ಅಂಥವರು ವ್ಯಕ್ತಿಯಾಗಿಯೇ ಸೇರಬೇಕು, ಅಂಗಡಿಯಲ್ಲಿ ಕಾಣುವುದು ಅವರು ಇಟ್ಟುಕೊಂಡ ವ್ಯವಹಾರನಾಮವಲ್ಲ, ದಾಖಲೆಯಲ್ಲಿರುವ ಅವರ ಸ್ವಂತ ಹೆಸರು. ಬೋರ್ಡು ಬರೆಸಿ, ಲಾಂಛನ ಮಾಡಿಸಿ ಆದ ಮೇಲೆ ಇದು ತಿಳಿದರೆ ಕಿರಿಕಿರಿಯಾಗುವುದು ಸಹಜ.

ಹಣದ ಆಸೆಯಿಲ್ಲದೆ ಕೆಲಸ ಮಾಡುವವರ ಪಾಡು ಎಲ್ಲಕ್ಕಿಂತ ಬೇರೆ. ವಚನಗಳ ಸಂಗ್ರಹ, ಮಕ್ಕಳಿಗೆ ಕಾಗುಣಿತ ಕಲಿಸುವ ಆಟ, ರೈತರಿಗೆ ಬೆಳೆರೋಗದ ಮಾಹಿತಿ ಇಂಥವನ್ನು ಬಿಡುವಿನ ವೇಳೆಯಲ್ಲಿ ಮಾಡಿ ಪುಕ್ಕಟೆಯಾಗಿ ಹಂಚುವ ಕನ್ನಡಿಗರಿದ್ದಾರೆ. ಉಚಿತ ಆ್ಯಪಿಗೂ ಆ್ಯಪಲ್ ಅದೇ 99 ಡಾಲರ್ ಕೇಳುತ್ತದೆ, ಅದೂ ಪ್ರತಿ ವರ್ಷ. ಒಂದು ವರ್ಷ ಕಟ್ಟದಿದ್ದರೆ ಈಗಾಗಲೇ ಇಳಿಸಿಕೊಂಡವರ ಫೋನಿನಲ್ಲಿ ಆ್ಯಪ್ ಉಳಿಯುತ್ತದೆ, ಆದರೆ ಅಂಗಡಿಯಿಂದ ಮಾಯವಾಗುತ್ತದೆ. ಪುಸ್ತಕ ಅಚ್ಚು ಹಾಕಿಸಿದವನು ಒಮ್ಮೆ ಖರ್ಚು ಮಾಡಿದರೆ ಪ್ರತಿಗಳು ಗ್ರಂಥಾಲಯದಲ್ಲಾದರೂ ಬದುಕಿರುತ್ತವೆ. ಇಲ್ಲಿ ಲೇಖಕ ಜೀವಮಾನವಿಡೀ ಬಾಡಿಗೆ ಕಟ್ಟಬೇಕು. ಅವನು ಕಾಲವಾದ ಮೇಲೆ ಕೃತಿಯೂ ಅಂಗಡಿಯಿಂದ ಇಳಿಯುತ್ತದೆ. ಕನ್ನಡದ ತಂತ್ರಾಂಶ ಪರಂಪರೆಯ ಬಗ್ಗೆ ಕಾಳಜಿಯುಳ್ಳವರು ಯೋಚಿಸಬೇಕಾದ ವಿಷಯವಿದು. ಕನ್ನಡದ ಪುಸ್ತಕಗಳಿಗೆ ಸಗಟು ಖರೀದಿಯ ವ್ಯವಸ್ಥೆ ಇದೆ. ವರ್ಷಕ್ಕೆ ಐವತ್ತು ಉಚಿತ ಕನ್ನಡ ಆ್ಯಪ್‌ಗಳ ಶುಲ್ಕ ಭರಿಸಲು ಸರ್ಕಾರಕ್ಕೆ ತಗಲುವುದು ನಾಲ್ಕೂವರೆ ಲಕ್ಷದ ಆಸುಪಾಸು. ಒಂದು ಉತ್ಸವದ ವೇದಿಕೆಯ ಹೂವಿನ ಅಲಂಕಾರವನ್ನು ಸ್ವಲ್ಪ ತಗ್ಗಿಸಿದರೆ ಈ ಹಣ ಹೊಂದುತ್ತದೆ.

ಶುಲ್ಕವಿಲ್ಲದಿದ್ದರೆ ಕಸವೆಲ್ಲ ಅಂಗಡಿಗೆ ಬಂದು ಬೀಳುತ್ತದೆ, ಮೋಸಗಾರರನ್ನು ತಡೆಯಲು ಬಾಗಿಲಿನಲ್ಲಿ ಒಂದು ಮೊತ್ತ ಇರಲೇಬೇಕು ಎಂಬುದು ಕಂಪನಿಗಳ ಸಮರ್ಥನೆ. ಇದರಲ್ಲಿ ಹುರುಳಿಲ್ಲದಿಲ್ಲ. ಆದರೆ ಅದೇ ಉದ್ದೇಶಕ್ಕೆ ಗೂಗಲ್ ಕೇಳುವುದು ಒಂದೇ ಸಲಕ್ಕೆ 25 ಡಾಲರ್. ಮೈಕ್ರೊಸಾಫ್ಟ್ ತನ್ನ ಅಂಗಡಿಗೆ ಬರುವ ವ್ಯಕ್ತಿಗಳ ನೋಂದಣಿ ಶುಲ್ಕವನ್ನು 2025ರ ಸೆಪ್ಟೆಂಬರ್‌ನಲ್ಲಿ ತೆಗೆದೇ ಹಾಕಿತು. ಒಬ್ಬರು ಬಿಟ್ಟಿ, ಒಬ್ಬರು ಒಂದೇ ಬಾರಿ, ಮತ್ತೊಬ್ಬರು ವರ್ಷ ವರ್ಷ ಕೇಳುತ್ತಾರೆಂದ ಮೇಲೆ ಈ ಮೊತ್ತಕ್ಕೂ ತಪಾಸಣೆಯ ವೆಚ್ಚಕ್ಕೂ ನೇರ ಸಂಬಂಧವಿದೆಯೆಂದು ನಂಬುವುದು ಕಷ್ಟ. ಯಾರಿಗೆ ಎಷ್ಟು ಕೇಳುವ ಬಲವಿದೆಯೋ ಅಷ್ಟು ಕೇಳುತ್ತಾರೆ.

ಗೂಗಲ್ ಅಗ್ಗವೆಂದು ಅಲ್ಲಿಗೆ ಧಾವಿಸುವವರೂ ಕಣ್ಣು ತೆರೆದಿರಬೇಕು. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆಗಳವರು ಆ್ಯಪ್ ಪ್ರಕಟಿಸುವ ಮೊದಲು ಇಪ್ಪತ್ತು ಮಂದಿಯಿಂದ ಎರಡು ವಾರ ಬಿಡದೆ ಪರೀಕ್ಷೆ ಮಾಡಿಸಬೇಕೆಂಬ ನಿಯಮ ಬಂತು. 2024ರ ಕೊನೆಯಲ್ಲಿ ಅದನ್ನು ಹನ್ನೆರಡಕ್ಕೆ ಇಳಿಸಲಾಯಿತು. ಅಷ್ಟು ಪರಿಚಿತರನ್ನು ಹದಿನಾಲ್ಕು ದಿನ ಹಿಡಿದಿಡಲಾಗದವರಿಗೆ ಪರೀಕ್ಷಕರನ್ನು ಬಾಡಿಗೆಗೆ ಒದಗಿಸುವ ವ್ಯಾಪಾರವೂ ಹುಟ್ಟಿಕೊಂಡಿದೆ.

ಸದಸ್ಯತ್ವದ ಒಪ್ಪಂದಕ್ಕೆ ಸಹಿ ಹಾಕುವಾಗ ನಾವು ಬಿಟ್ಟುಕೊಡುವುದು ಹಣವನ್ನಷ್ಟೇ ಅಲ್ಲ. ನಿಯಮಗಳನ್ನು ಮಾಡುವವರು, ತಿದ್ದುವವರು, ನಾವು ಅವುಗಳನ್ನು ಮುರಿದೆವೋ ಇಲ್ಲವೋ ಎಂದು ತೀರ್ಮಾನಿಸುವವರು ಎಲ್ಲರೂ ಒಂದೇ ಕಂಪನಿಯವರು. ತಿರಸ್ಕೃತವಾದ ಆ್ಯಪಿನ ಬಗ್ಗೆ ಮೇಲ್ಮನವಿ ಸಲ್ಲಿಸಬಹುದು, ಸಲ್ಲಿಸುವುದೂ ಕಂಪನಿಗೇ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ! ದೊಡ್ಡವರಿಗೇ ಇದರ ಬಿಸಿ ತಟ್ಟಿದೆ. 2024ರ ಮಾರ್ಚ್ ಮೊದಲ ದಿನ ಶುಲ್ಕದ ವಿವಾದದ ಕಾರಣಕ್ಕೆ ಭಾರತ್ ಮ್ಯಾಟ್ರಿಮೋನಿ, ನೌಕರಿ, 99 ಏಕರ್ಸ್ ಮುಂತಾದ ಆ್ಯಪ್‌ಗಳನ್ನು ಗೂಗಲ್ ತನ್ನ ಅಂಗಡಿಯಿಂದ ಕಿತ್ತುಹಾಕಿತು. ಕೇಂದ್ರ ಸರ್ಕಾರ ಮಧ್ಯಪ್ರವೇಶಿಸಿದ ಮೇಲೆ ಕೆಲವೇ ದಿನಗಳಲ್ಲಿ ಅವು ಮರಳಿದವು. ಭಾರತೀಯ ಸ್ಪರ್ಧಾ ಆಯೋಗ ಪಾವತಿ ವ್ಯವಸ್ಥೆಯ ಪ್ರಕರಣದಲ್ಲಿ 2022ರ ಅಕ್ಟೋಬರ್‌ನಲ್ಲಿ ಗೂಗಲ್‌ಗೆ ವಿಧಿಸಿದ್ದ 936.44 ಕೋಟಿ ರೂಪಾಯಿ ದಂಡವನ್ನು ಮೇಲ್ಮನವಿ ನ್ಯಾಯಮಂಡಳಿ 2025ರ ಮಾರ್ಚ್‌ನಲ್ಲಿ 216.69 ಕೋಟಿಗೆ ಇಳಿಸಿತು. ಸಚಿವರ ಬಾಗಿಲು ತಟ್ಟಲಾರದ, ದೆಹಲಿಯಲ್ಲಿ ವಕೀಲರನ್ನು ನೇಮಿಸಲಾರದ ಒಂಟಿ ತಯಾರಕನ ಖಾತೆ ಹೀಗೆ ಮುಚ್ಚಿಹೋದರೆ ಅದು ಸುದ್ದಿಯೂ ಆಗುವುದಿಲ್ಲ.

ಹೀಗೆಂದು ಯಾರೂ ಸೇರಲೇಬಾರದೆಂದು ನನ್ನ ವಾದವಲ್ಲ. ತಯಾರಾದ ಸರಕು ಕೈಯಲ್ಲಿದ್ದು, ಅದನ್ನು ಕೊಳ್ಳುವವರಲ್ಲಿ ಐಫೋನ್ ಬಳಸುವವರು ಗಣನೀಯವಾಗಿದ್ದರೆ ಮೀನಮೇಷ ಎಣಿಸದೆ ಸೇರಬೇಕು. ಅನಿವಾಸಿ ಕನ್ನಡಿಗರಿಗಾಗಿ ಪಾಠವನ್ನೋ ಸಂಗೀತವನ್ನೋ ಸಿದ್ಧಪಡಿಸುವವರಿಗೆ ಈ ಮಾತು ವಿಶೇಷವಾಗಿ ಸಲ್ಲುತ್ತದೆ. ಆ ಗಿರಾಕಿ ಡಾಲರಿನಲ್ಲಿ ತೆರುವುದರಿಂದ ಮೇಲಿನ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಉಳಿದವರು ಆರು ತಿಂಗಳು ಬರೆದು, ಅಣಕು ಫೋನಿನಲ್ಲಿ ಓಡಿಸಿ, ಬಿಡುಗಡೆಗೆ ಒಂದೆರಡು ವಾರ ಮುಂಚೆ ಹಣ ಕಟ್ಟಿದರಾಯಿತು. ವರ್ಷದ ಎಣಿಕೆ ಸೇರಿದ ದಿನದಿಂದ ಶುರುವಾಗುವುದರಿಂದ ಮೊದಲೇ ಕಟ್ಟಿದವನು ಖಾಲಿ ಮಳಿಗೆಗೆ ಬಾಡಿಗೆ ಕೊಟ್ಟಂತೆ. ಮಾಹಿತಿ ನೀಡುವುದಷ್ಟೇ ಉದ್ದೇಶವಾಗಿದ್ದರೆ ಮೊಬೈಲಿಗೆ ಹೊಂದುವ ಜಾಲತಾಣವೇ ಸಾಕು, ಅದಕ್ಕೆ ಯಾರ ಅಪ್ಪಣೆಯೂ ಬೇಡ.

ಆಂಡ್ರಾಯ್ಡ್ ಫೋನಿಗೆ ಅಂಗಡಿಯ ಹಂಗಿಲ್ಲದೆ ನೇರವಾಗಿ ಆ್ಯಪ್ ಕಡತ ಹಂಚುವ ದಾರಿಯೊಂದು ಮೊದಲಿನಿಂದ ಇದೆ. 2010ರಲ್ಲಿ ಆರಂಭವಾದ ಎಫ್-ಡ್ರಾಯ್ಡ್‌ನಂತಹ ಮುಕ್ತ ತಂತ್ರಾಂಶ ಭಂಡಾರಗಳು ನಿಂತಿರುವುದು ಅದರ ಮೇಲೆಯೇ. ಆದರೆ ಆ ದಾರಿಯಲ್ಲಿ ಬರುವ ಆ್ಯಪ್‌ಗಳ ತಯಾರಕರೂ ತನ್ನಲ್ಲಿ ಗುರುತು ದೃಢಪಡಿಸಿಕೊಳ್ಳಬೇಕೆಂದು ಗೂಗಲ್ 2025ರ ಆಗಸ್ಟ್‌ನಲ್ಲಿ ಪ್ರಕಟಿಸಿತು. ಬ್ರೆಜಿಲ್, ಇಂಡೊನೇಷ್ಯ, ಸಿಂಗಪುರ ಮತ್ತು ಥಾಯ್ಲೆಂಡ್‌ಗಳಿಂದ ಮೊದಲುಗೊಂಡು ಬೇರೆ ದೇಶಗಳಿಗೂ ಇದನ್ನು ವಿಸ್ತರಿಸುವುದು ಆಗ ಪ್ರಕಟಿಸಿದ ಯೋಜನೆ. ಆಕ್ಷೇಪಗಳು ಬಂದ ಮೇಲೆ ವಿದ್ಯಾರ್ಥಿಗಳಿಗೂ ಹವ್ಯಾಸಿಗಳಿಗೂ ಕೆಲವು ಸಡಿಲಿಕೆಗಳ ಭರವಸೆಯನ್ನು ಅದೇ ವರ್ಷದ ನವೆಂಬರ್‌ನಲ್ಲಿ ನೀಡಿತು. 99 ಡಾಲರಿನ ಕುರಿತು ನಮ್ಮ ಮನೆಗಳಲ್ಲಿ ನಡೆಯುವ ಚರ್ಚೆಗಿಂತ ಈ ನಿಯಮದ ಭಾರತದ ಆವೃತ್ತಿ ಹೇಗಿರಬೇಕೆಂಬ ಚರ್ಚೆ ಮುಖ್ಯವಾದದ್ದು. ಅದರಲ್ಲಿ ಬೆಂಗಳೂರಿನ ತಂತ್ರಾಂಶ ಸಮುದಾಯದ ಧ್ವನಿ ಇದುವರೆಗೆ ಕೇಳಿಸಬೇಕಾದಷ್ಟು ಕೇಳಿಸಿಲ್ಲ.